ಕುದುರೆಗೊಂದು ಚಳ್ಳಕೆರೆ ಕಂಬಳಿ

ದಾವಣಗೆರೆಯಲ್ಲಿ ಚಳಿ ಅಂದರೆ ರಾತ್ರಿ ಹದಿನಾಲ್ಕೋ ಹದಿನೈದೋ ಡಿಗ್ರಿ. ಅಷ್ಟಕ್ಕೇ ಊರೆಲ್ಲ ಮಂಕಿ ಕ್ಯಾಪ್ ಹಾಕಿಕೊಂಡು ಬೆಣ್ಣೆ ದೋಸೆಗೆ ನಿಂತಿರುತ್ತದೆ. ಇಂಥ ಊರಲ್ಲಿ ನಾವೊಂದಿಷ್ಟು ಜನ ಸೇರಿ ಕುದುರೆ ಸವಾರಿ ಕ್ಲಬ್ ನಡೆಸುತ್ತೇವೆ. ಬಟ್ಟೆ ಅಂಗಡಿ ಯಜಮಾನರು, ಹಲ್ಲಿನ ಡಾಕ್ಟ್ರು, ಕಾಲೇಜು ಮೇಷ್ಟ್ರು, ಬ್ಯಾಂಕಿನ ನಾನು. ಎಲ್ಲರೂ ಹೊಟ್ಟೆ ಕರಗಿಸಲು ಸೇರಿದವರೇ. ಇದುವರೆಗೆ ತೂಕ ಇಳಿದಿರುವುದು ಕುದುರೆಗಳದ್ದು ಮಾತ್ರ.

ಡಿಸೆಂಬರ್ ಬಂತೆಂದರೆ ಮೇಷ್ಟ್ರಿಗೆ ಕನಿಕರ ಉಕ್ಕುತ್ತದೆ. ಹಿಮ ಬೀಳುವ ದೇಶದ ಕುದುರೆಗಳು ಜಾಕೆಟ್ ತೊಟ್ಟಿದ್ದನ್ನು ಯೂಟ್ಯೂಬಿನಲ್ಲಿ ನೋಡಿದ್ದರು. ನಮ್ಮ ಬಿಳಿ ಕುದುರೆ ಮುತ್ತುಗೆ ಅಂತ ಚಳ್ಳಕೆರೆಯಿಂದ ಕರಿ ಕಂಬಳಿ ತರಿಸಿದರು. ಹೊದಿಸಿದ ಕೂಡಲೇ ಮುತ್ತು ಕತ್ತು ತಿರುಗಿಸಿ ಮೂಸಿತು. ಅಂಚು ಕಚ್ಚಿ ಎಳೆದು ಕೆಳಗೆ ಹಾಕಿತು. ಆಮೇಲೆ ಹಿಂಗಾಲು ಅಗಲಿಸಿ ಅದರ ಮೇಲೇ ಉಚ್ಚೆ ಹೊಯ್ದಿತು. ಕಾಲಿಗೆ ಸಿಡಿಯದಂಥ ಮೆತ್ತನೆ ಜಾಗ ಸಿಕ್ಕರೆ ಕುದುರೆ ಬಿಡುವುದಿಲ್ಲ.

ದನದ ಡಾಕ್ಟ್ರು ಬಂದು ನಕ್ಕರು. "ಸುಮಾರು 5ರಿಂದ 25 ಡಿಗ್ರಿವರೆಗೆ ಕುದುರೆಗೆ ಹಾಯಾಗಿರುತ್ತೆ ಸಾರ್. ಅದಕ್ಕೆ ಕಷ್ಟ ಆಗೋದು ನಮ್ಮ ಏಪ್ರಿಲ್‌ನಲ್ಲಿ. ಒಣ ಹುಲ್ಲು ಚೆನ್ನಾಗಿ ಹಾಕಿ. ಅದು ಕರುಳಲ್ಲಿ ಹುಳಿಯುವಾಗ ಒಳಗಿಂದಲೇ ಶಾಖ ಬರುತ್ತೆ." ಮೇಷ್ಟ್ರು ಕಂಬಳಿ ಒಗೆಸಿ ಮನೆಗೆ ಒಯ್ದರು. ಈಗ ಅವರ ಅತ್ತೆ ಹೊದೆಯುತ್ತಾರೆ. ಪೂರ್ವಚರಿತ್ರೆ ಯಾರೂ ಹೇಳಿಲ್ಲ.

ಚಳಿ ಬೆಳಿಗ್ಗೆ ಕುದುರೆಗೆ ಹುರುಪು ಜಾಸ್ತಿ, ಕಿಲಾಡಿತನವೂ ಜಾಸ್ತಿ. ಜೀನಿನ ಪಟ್ಟಿ ಬಿಗಿಯುವಾಗ ಮುತ್ತು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಹತ್ತಿ ಕೂತಮೇಲೆ ಹೊಟ್ಟೆ ಸಡಿಲ ಬಿಡುತ್ತದೆ, ಪಟ್ಟಿಯೂ ಸಡಿಲ. ನಾಲ್ಕು ಹೆಜ್ಜೆ ನಡೆಸಿ ಇನ್ನೊಮ್ಮೆ ಬಿಗಿಯಬೇಕು ಅಂತ ಎಷ್ಟು ಹೇಳಿದರೂ ಯಜಮಾನರಿಗೆ ಅವಸರ. ಒಂದು ದಿನ ಜೀನಿನ ಸಮೇತ ಜಾರಿ, ಗಡಿಯಾರದ ಮುಳ್ಳಿನ ಹಾಗೆ ಹನ್ನೆರಡರಿಂದ ಮೂರಕ್ಕೆ ಬಂದರು. ಆರಕ್ಕೆ ಹೋಗುವಷ್ಟರಲ್ಲಿ ನಾವು ಹಿಡಿದುಕೊಂಡೆವು.

ಇನ್ನು ಮೆಕ್ಕೆಜೋಳ. ಸುಗ್ಗಿ ಮುಗಿದರೆ ನಮ್ಮ ಕಡೆ ಅರ್ಧ ರಸ್ತೆ ಕಣ ಆಗಿರುತ್ತದೆ. ಕೊಂಡಜ್ಜಿ ಕಡೆ ಸವಾರಿ ಹೊರಟಾಗ ಮುತ್ತು ಸೀದಾ ರಾಶಿಗೆ ಬಾಯಿ ಹಾಕಿತು. "ತಿನ್ಲಿ ಬಿಡ್ರಿ, ಮೂಕ ಪ್ರಾಣಿ" ಎಂದ ರೈತ, ಎರಡನೇ ಬಾಯಿಗೆ ಸೇರಿನ ಲೆಕ್ಕ ಶುರು ಮಾಡಿದ. ದುಡ್ಡು ಹೋದರೆ ಹೋಗಲಿ. ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದರೆ ಕುದುರೆಯ ಮಿದುಳಿಗೇ ಪೆಟ್ಟು ಬೀಳಬಹುದು ಅಂತ ಡಾಕ್ಟ್ರು ಹೆದರಿಸಿದ್ದಾರೆ.

ಚಳಿಗಾಲದ ನಿಜವಾದ ತಲೆನೋವು ನೀರು. ದಿನಕ್ಕೆ 25–30 ಲೀಟರ್ ಬೇಕಾದ ಪ್ರಾಣಿ, ತೊಟ್ಟಿ ನೀರು ತಣ್ಣಗಿದ್ದರೆ ಮೂತಿ ಅದ್ದಿ ಸುಮ್ನಾಗುತ್ತದೆ. ಒಣ ಹುಲ್ಲು ಒಳಗೆ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಒಂದು ಶನಿವಾರ ರಾತ್ರಿ ಮುತ್ತು ಮುಂಗಾಲಲ್ಲಿ ನೆಲ ಕೆರೆಯುತ್ತಾ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ಡಾಕ್ಟ್ರು ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟರು. "ನಿಧಾನಕ್ಕೆ ನಡೆಸ್ತಾ ಇರಿ. ಲದ್ದಿ ಹಾಕಿದ ಕೂಡಲೇ ಹೇಳಿ" ಎಂದು ಹೋದರು.

ಸರದಿ ಮೇಲೆ ನಡೆಸಿದೆವು. ಲಾಟೀನು ಹಿಡಿದು ನಾಲ್ಕು ಜನ ವಿದ್ಯಾವಂತರು ಒಂದು ಬಾಲದ ಹಿಂದೆ! ಯಜಮಾನರು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕುತ್ತಿದ್ದರು: "ಇನ್ನೂ ಆಗಿಲ್ಲ. ಹೊಟ್ಟೆ ಉಬ್ಬಿದೆ. ನಡೆಸ್ತಾ ಇದ್ದೀವಿ." ಅದು ಹೋಗಿದ್ದು ಮಗಳ ನಿಶ್ಚಿತಾರ್ಥದ ಗುಂಪಿಗೆ. ರಾತ್ರಿ ಎರಡಕ್ಕೆ ಬೀಗರು ಕೇಳಿದರು, "ಯಾರಿಗೆ ಸಾರ್?" ಅವರ ಕಡೆಯ ಯಾರೋ ಹಿರಿಯರು ರಾತ್ರಿ ಬಿಸಿನೀರಿಗೆ ಇಸಬ್ಗೋಲು ಹಾಕಿ ಕುಡಿಯಲು ಹೇಳಿದರು.

ಬೆಳಗಾಯಿತು. ಭಾನುವಾರ, ಮೈಲಾರಲಿಂಗನ ವಾರ. ಪಕ್ಕದ ಹಟ್ಟಿಯ ಅಜ್ಜಿಗೆ ಬಿಳಿ ಕುದುರೆ ಅಂದರೆ ಸ್ವಾಮಿಯ ವಾಹನವೇ. "ಏಳುಕೋಟಿ ಏಳುಕೋಟಿಗೋ" ಎನ್ನುತ್ತಾ ಬಂದು ಮುತ್ತಿನ ಮೈ ಮೇಲೆ ಒಂದು ಬೊಗಸೆ ಭಂಡಾರ ಎರಚಿದಳು. ಅದೇ ಹೊತ್ತಿಗೆ ಮುತ್ತು ಬಾಲ ಎತ್ತಿತು. ದಪ್ ದಪ್ ಅಂತ ಲದ್ದಿ! ನಾವು ಕುಣಿದೆವು. ಮೇಷ್ಟ್ರು ಕೈಮುಗಿದರು. ಯಜಮಾನರ ಕಣ್ಣಲ್ಲಿ ನೀರು.

"ಈ ಕಾಲದಾಗೂ ಇಂಥ ಭಕ್ತರು ಅದಾರೆ ನೋಡಪ್ಪ!" ಎಂದು ಅಜ್ಜಿ ನಮ್ಮ ಹಣೆಗೂ ಭಂಡಾರ ಬಳಿದಳು.

ಅಷ್ಟರಲ್ಲಿ ಯಜಮಾನರು ಲದ್ದಿಯ ಫೋಟೊ ಹೊಡೆದು ಫೋನಿನಲ್ಲಿ ಗುಂಪು ಹುಡುಕುತ್ತಿದ್ದರು. ಹಲ್ಲಿನ ಡಾಕ್ಟ್ರು ಓಡಿ ಹೋಗಿ ಫೋನು ಕಿತ್ತುಕೊಂಡರು.