ಮೂರನೆಯದಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ?

ಸಿರ್ಸಿ ಕಡೆ ಈಗ ಯಾವ ಸಭೆಗೆ ಹೋದರೂ, ಅದು ಸೊಸೈಟಿಯ ವಾರ್ಷಿಕ ಸಭೆಯಾಗಿರಲಿ, ಯಕ್ಷಗಾನಕ್ಕೆ ಮುಂಚಿನ ಸನ್ಮಾನವಾಗಿರಲಿ, ಒಬ್ಬರಾದರೂ ಮೈಕ್ ಹಿಡಿದು ‘ಮನೆಗೆ ಮೂರಾದರೂ ಮಕ್ಕಳು ಬೇಕು’ ಎನ್ನುತ್ತಾರೆ. ಹೇಳುವವರಿಗೆ ಎಪ್ಪತ್ತು ದಾಟಿರುತ್ತದೆ. ಚಪ್ಪಾಳೆ ತಟ್ಟುವವರಿಗೆ ಅರವತ್ತೈದು. ಹೆರಬೇಕಾದವರು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ಮೈಕಿಗೆ ಮರೆವು ಜಾಸ್ತಿ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂದು ಕೂಗಿದ್ದೂ ಅದೇ. ಗೋಡೆ ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿ, 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 1992-93ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 3.4 ಮಕ್ಕಳು, 2019-21ಕ್ಕೆ 2.0. ಕರ್ನಾಟಕದಲ್ಲಿ 1.7. ಈಗ ತಕರಾರು ಏನೆಂದರೆ, ನೀವು ಅಷ್ಟೊಂದು ಮಾತು ಕೇಳಬಾರದಿತ್ತು!

ಹಾಗಂತ ಇದು ಗೋಡೆಬರಹದ ಮಹಿಮೆ ಅಂದುಕೊಳ್ಳಬೇಡಿ. ಅಜ್ಜಿ ಎಂಟು ಹೆತ್ತಳು, ಉಳಿಯುವುದು ಎಷ್ಟೋ ಗೊತ್ತಿರಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ. ಲಸಿಕೆ ಬಂತು, ಹುಟ್ಟಿದ ಮಕ್ಕಳು ಉಳಿದವು. ಹುಡುಗಿಯರು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದರು, ಮದುವೆ ಇಪ್ಪತ್ತೆಂಟಕ್ಕೆ ಹೋಯಿತು. ದನ ಕಾಯಲು, ಅಡಿಕೆ ಹೆಕ್ಕಲು ಆಗುತ್ತಿದ್ದ ಮಕ್ಕಳಿಗೆ ಈಗ ಎಲ್‌ಕೆಜಿಯಿಂದಲೇ ಫೀಸು ಕಟ್ಟಬೇಕು. ಎರಡು ಎಕರೆ ತೋಟ ಐದು ಹಿಸೆಯಾದರೆ ಒಬ್ಬೊಬ್ಬನಿಗೆ ಎಷ್ಟು ಮರ ಅನ್ನೋದು ಎಲೆಯಡಿಕೆಯ ಕವಳ ಹಾಕುತ್ತಾ ಕೂತವರಿಗೂ ಗೊತ್ತಿರುವ ಲೆಕ್ಕ.

ಇರಲಿ, ದೇಶಸೇವೆ ಅಂತ ಮೂರನೆಯದಕ್ಕೆ ಹೊರಟಿರಿ ಅಂದುಕೊಳ್ಳಿ. 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಇದೆ. ಮೂರನೆಯದಕ್ಕೆ 12. ಮಾತೃವಂದನಾ ಯೋಜನೆಯಲ್ಲಿ ಮೊದಲನೆಯದಕ್ಕೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ ಮಾತ್ರ 6,000. ಮೂರನೆಯದಕ್ಕೆ ಕಾಲಮ್ಮೇ ಇಲ್ಲ. ಭಾಷಣದಲ್ಲಿ ಬೇಕಾದ ಮಗು ಫಾರ್ಮಿನಲ್ಲಿ ಬೇಡ. ಹೆರಿಗೆ ಸ್ವಲ್ಪ ಕಷ್ಟವಾಯಿತೋ, ಘಟ್ಟ ಇಳಿದು ಮಣಿಪಾಲಕ್ಕೆ ಓಡಬೇಕು, ಇಲ್ಲ ಹುಬ್ಬಳ್ಳಿಗೆ. ಕಾರವಾರದವರಾದರೆ ಗೋವಾಕ್ಕೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜನ ವರ್ಷಗಟ್ಟಲೆ ಕೂಗಿದ್ದು ಯಾವ ಮೈಕಿಗೂ ಕೇಳಿಸಲಿಲ್ಲ.

ಮಕ್ಕಳು ಹೆಚ್ಚಲಿ ಎಂದು ದಕ್ಷಿಣ ಕೊರಿಯಾ ದುಡ್ಡು ಸುರಿದೂ, ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಲೆಕ್ಕ 2023ರಲ್ಲಿ 0.72ಕ್ಕೆ ಇಳಿಯಿತು. ನಾವು ಶಾಲು ಹೊದಿಸಿ ಏರಿಸಲು ಹೊರಟಿದ್ದೇವೆ.

ಅಷ್ಟಕ್ಕೂ ಮೂರನೆಯದು ಆಮೇಲಿನ ಮಾತು. ನಲವತ್ತಾದರೂ ಊರಲ್ಲೇ ತೋಟ ಮಾಡಿಕೊಂಡಿರುವ ಮಾಣಿಗೆ ಮೊದಲು ಹೆಣ್ಣು ಸಿಗಬೇಕಲ್ವಾ? ಮೂರು ಬೇಕು ಎನ್ನುವ ಹಿರಿಯರೇ ಮಗಳನ್ನು ಕೊಟ್ಟಿದ್ದು ಅಮೆರಿಕದ ಸಾಫ್ಟ್‌ವೇರ್ ಅಳಿಯನಿಗೆ. ಅವಳಿಗೆ ಒಂದೇ ಮಗು. ‘ಇನ್ನೊಂದು ಆಗಲಿ ಅಂತ ಅವಳಿಗೆ ಹೇಳೇ’ ಎಂದು ಇವರು ಶುರು ಮಾಡಿದರೆ, ಅಲ್ಲಿ ಆರು ತಿಂಗಳು ಬಾಣಂತನ ಮಾಡಿ ಬಂದ ಹೆಂಡತಿ ಮಂಡಿಗೆ ಎಣ್ಣೆ ತಿಕ್ಕುತ್ತಾ ‘ಈ ಸಲ ನೀವೇ ಹೋಗಿ ಬನ್ನಿ’ ಅಂತಾರೆ.