ಖಾಲಿ ಜಾಗದ ಕಾಟ

ಪೈಥಾನ್ ಭಾಷೆಯ ಲೈಬ್ರರಿಯೊಂದನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಪ್ಯಾಕೇಜ್ ಮಾಡಿಕೊಡುತ್ತೇನೆಂದು, ಅಂದರೆ ಅಲ್ಲಿ ಇನ್‌ಸ್ಟಾಲ್ ಆಗುವ ಹಾಗೆ ಕಟ್ಟಿಕೊಡುತ್ತೇನೆಂದು, ನಾನೇ ಮೈಮೇಲೆ ಎಳೆದುಕೊಂಡೆ. ಇದ್ದದ್ದೇ ಇನ್ನೂರು ಸಾಲು. ಆ ಸಾಲುಗಳು ಒಂದು ದಿನವೂ ತಂಟೆ ಮಾಡಲಿಲ್ಲ. ನನ್ನನ್ನು ಕಾಡಿದ್ದು ಏನೂ ಬರೆಯದ ಜಾಗ.

‘ರೂಲ್ಸ್’ ಅನ್ನುವ ಫೈಲು ಅಸಲಿಗೆ ಮೇಕ್‌ಫೈಲು, ಅಂದರೆ ‘ಮೇಕ್’ ಎಂಬ ಪ್ರೋಗ್ರಾಂ ಓದಿ ನಡೆಸುವ ಆಜ್ಞೆಗಳ ಪಟ್ಟಿ. ಅಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಪೈಥಾನ್ ಬರೆದೂ ಬರೆದೂ ನನ್ನ ಬೆರಳಿಗೆ ನಾಲ್ಕು ಸ್ಪೇಸ್ ಒತ್ತುವ ಚಾಳಿ. ಕಣ್ಣಿಗೆ ಎರಡೂ ಒಂದೇ. ಮೇಕ್ ಮಹಾಶಯನಿಗೆ ಮಾತ್ರ ಅಜಗಜಾಂತರ.

ಏನೇನು ಬದಲಾಯಿತೆಂದು ದಾಖಲಿಸುವ ಚೇಂಜ್‌ಲಾಗ್‌ನದು ಬೇರೆ ಮಡಿ. ಕೊನೆಯ ಸಾಲಿನ ಆರಂಭದಲ್ಲಿ ಒಂದು ಸ್ಪೇಸ್, ಎರಡು ಅಡ್ಡಗೆರೆ, ಪ್ಯಾಕೇಜ್ ಮಾಡಿದವರ ಹೆಸರು, ಇಮೇಲ್, ಆಮೇಲೆ ಸರಿಯಾಗಿ ಎರಡು ಸ್ಪೇಸ್, ಅನಂತರ ದಿನಾಂಕ. ನಾನು ಒಂದೇ ಬಿಟ್ಟಿದ್ದೆ. (ಇದನ್ನೆಲ್ಲ ತಾನೇ ಬರೆದುಕೊಡುವ ಸಲಕರಣೆಯೊಂದು ಇದೆ. ಕೈಯಾರೆ ಬರೆಯುವ ಒಣಜಂಬ ನನ್ನದು.)

ಪ್ಯಾಕೇಜಿನ ಪರಿಚಯ ಹೇಳುವ ಕಂಟ್ರೋಲ್ ಫೈಲಿನಲ್ಲಿ ವಿವರಣೆಯ ನಡುವೆ ಖಾಲಿ ಸಾಲು ಬಿಟ್ಟೆನೋ, ಆ ಪ್ಯಾಕೇಜಿನ ಕತೆ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಖಾಲಿ ಸಾಲೇ ಬೇಕೆಂದರೆ ಒಂದು ಸ್ಪೇಸ್ ಕೊಟ್ಟು ಚುಕ್ಕಿ ಇಡಬೇಕು. ಏನೂ ಇಲ್ಲ ಅನ್ನುವುದಕ್ಕೂ ಅಲ್ಲಿ ಸಾಕ್ಷಿ ಬೇಕು!

ಬಿಲ್ಡ್ ಆಗುವಾಗ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಎರಡು ಟೆಸ್ಟ್‌ಗಳು ಬಿದ್ದವು, ಅವನ್ನು ಬದಿಗಿಟ್ಟೆ. ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಮಾತ್ರ ‘ಮಾಡ್ಯೂಲಿನ ಹೆಸರು ತೀರಾ ಸಾಮಾನ್ಯ’ ಎಂದು ಗೊಣಗಿತು. ಅದಕ್ಕೆ ಗೊಣಗುವುದೇ ಕೆಲಸ ಎಂದುಕೊಂಡು ಕಳಿಸಿಯೇಬಿಟ್ಟೆ. ಹೊಸ ಪ್ಯಾಕೇಜುಗಳ ಸರದಿಯಲ್ಲಿ ಕಾದು ಕಾದು ಅದೂ ಒಳಗೆ ಹೋಯಿತು.

ಸಂಭ್ರಮ ಆರುವ ಮೊದಲೇ ದೂರು ಬಂತು: ನಿಮ್ಮ ಪ್ಯಾಕೇಜು ಇನ್‌ಸ್ಟಾಲ್ ಆಗುತ್ತಿಲ್ಲ, ಅದರಲ್ಲಿರುವ ಫೈಲೊಂದು ಇನ್ನೊಂದು ಪ್ಯಾಕೇಜಿನಲ್ಲೂ ಇದೆ. ನೋಡಿದರೆ, ಲೈಬ್ರರಿಯ ಸೆಟಪ್ ಫೈಲು ‘ಕಂಡದ್ದನ್ನೆಲ್ಲ ಸೇರಿಸು’ ಅನ್ನುವ ಜಾತಿಯದು. ‘ಟೆಸ್ಟ್ಸ್’ ಫೋಲ್ಡರನ್ನೂ ಗುಡಿಸಿ ತಂದು, ಎಲ್ಲ ಲೈಬ್ರರಿಗಳು ಇಳಿದುಕೊಳ್ಳುವ ಡಿಸ್ಟ್-ಪ್ಯಾಕೇಜಸ್‌ನ ನಡುಮನೆಯಲ್ಲೇ ಕೂರಿಸಿತ್ತು. ಲಿಂಟಿಯನ್ ಗೊಣಗಿದ್ದು ಈ ಹೆಸರಿಗೇ. ಆ ಇನ್ನೊಂದು ಪ್ಯಾಕೇಜೂ ಅದನ್ನೇ ಮಾಡಿತ್ತು. ಎರಡೂ ಕಡೆಯ ‘ಟೆಸ್ಟ್ಸ್’ನಲ್ಲಿದ್ದ, ಜಗಳಕ್ಕೆ ಕಾರಣವಾದ ‘ಇನಿಟ್’ ಫೈಲು ತೆರೆದೆ. ಒಳಗೆ ಒಂದಕ್ಷರವಿಲ್ಲ, 0 ಬೈಟು. ಈ ಸೊನ್ನೆ ನನ್ನದೋ ಅವನದೋ ಎಂದು ಇನ್‌ಸ್ಟಾಲ್ ಮಾಡುವ ಡಿಪಿಕೆಜಿಗೆ ತೀರ್ಪು ಕೊಡಲಾಗದೆ ಕೈಚೆಲ್ಲಿ ಕೂತಿತ್ತು.

ಅಷ್ಟು ಬೇಜವಾಬ್ದಾರಿಯಿಂದ ಪ್ಯಾಕೇಜ್ ಮಾಡಿದ ಆ ಪುಣ್ಯಾತ್ಮ ಯಾರೆಂದು ಸಿಟ್ಟಿನಿಂದ ಅದರ ಚೇಂಜ್‌ಲಾಗ್ ತೆಗೆದೆ. ಮೂರು ವರ್ಷದ ಹಳೆಯದು. ಕೊನೆಯ ಸಾಲಿನಲ್ಲಿ, ಸರಿಯಾಗಿ ಎರಡು ಸ್ಪೇಸಿನ ಹಿಂದೆ, ನನ್ನದೇ ಇಮೇಲ್ ಇತ್ತು.