ಥರ್ಮೊಪಿಲೆಯಲ್ಲಿ ನಿಂತವರು ಬರೀ 300 ಜನ ಅಲ್ಲ

'300' ಸಿನಿಮಾದ ಕ್ಲಿಪ್ ಹಾಕಿ, "ಇದು ನಿಜವಾದ ಇತಿಹಾಸ, ಬರೀ 300 ಜನ ಹತ್ತು ಲಕ್ಷ ಪರ್ಷಿಯನ್ನರನ್ನು ಸೋಲಿಸಿದರು" ಅಂತ ಒಂದು ಪೋಸ್ಟ್ ಓಡಾಡುತ್ತಿದೆ. ಸೋಲಿಸಲಿಲ್ಲ ಸ್ವಾಮಿ. ಗ್ರೀಸಿನ ಥರ್ಮೊಪಿಲೆ ಅನ್ನೋ ಇಕ್ಕಟ್ಟಾದ ದಾರಿಯಲ್ಲಿ ನಡೆದ ಕ್ರಿ.ಪೂ. 480ರ ಆ ಯುದ್ಧದಲ್ಲಿ ಗ್ರೀಕರೇ ಸೋತರು, ಸ್ಪಾರ್ಟಾ ಅನ್ನೋ ಗ್ರೀಕ್ ನಗರರಾಜ್ಯದ ರಾಜ ಲಿಯೊನಿಡಾಸ್ ಅಲ್ಲೇ ಸತ್ತ, ಆಮೇಲೆ ಪರ್ಷಿಯನ್ನರು ಅಥೆನ್ಸ್‌ಗೇ ಹೋಗಿ ಬೆಂಕಿ ಇಟ್ಟರು. ಸಿನಿಮಾದಲ್ಲೂ ಅವನು ಸಾಯುತ್ತಾನಲ್ವಾ? ಪೋಸ್ಟ್ ಹಾಕಿದವರು ಕೊನೆವರೆಗೂ ನೋಡಿದಂತಿಲ್ಲ.

ಇನ್ನು ಲೆಕ್ಕ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿರುವುದನ್ನೇ ಹಿಡಿದರೂ, ಸ್ಪಾರ್ಟಾದ 300 ಜನರ ಜೊತೆ ಬೇರೆ ಬೇರೆ ಊರುಗಳ ಸಾವಿರಾರು ಗ್ರೀಕರಿದ್ದರು, ಒಟ್ಟು ಸುಮಾರು 7,000 ಅಂತ ಇತಿಹಾಸಕಾರರು ಹೇಳುತ್ತಾರೆ. ಕೊನೆಯ ದಿನ ಹೆಚ್ಚಿನವರು ಹೊರಟ ಮೇಲೂ ಥೆಸ್ಪಿಯೆ ಅನ್ನೋ ಇನ್ನೊಂದು ಗ್ರೀಕ್ ಊರಿನ 700 ಜನ ನಿಂತು ಪ್ರಾಣ ಕೊಟ್ಟರು. ಪಾಪ, ಅವರ ಹೆಸರು ಯಾರೂ ಎತ್ತಲ್ಲ! ಪರ್ಷಿಯನ್ ಸೇನೆಯೂ ದೊಡ್ಡದೇ, ಆದರೆ ಈಗಿನ ಬಹುಪಾಲು ಅಂದಾಜು ಒಂದರಿಂದ ಮೂರು ಲಕ್ಷದ ಒಳಗೇ ಇದೆ.

ಈ ಸಿನಿಮಾ ಬಂದಿದ್ದು ಫ್ರಾಂಕ್ ಮಿಲ್ಲರ್ ಅವರ ಕಾಮಿಕ್ಸ್ ಪುಸ್ತಕದಿಂದ, ಇತಿಹಾಸದ ಪಠ್ಯದಿಂದಲ್ಲ. ಸ್ಪಾರ್ಟನ್ನರು ಬರೀ ಚಡ್ಡಿ ಹಾಕಿಕೊಂಡು ಯುದ್ಧಕ್ಕೆ ಹೋಗುತ್ತಿರಲಿಲ್ಲ, ಕಂಚಿನ ಶಿರಸ್ತ್ರಾಣ, ಕವಚ ಎಲ್ಲಾ ಇರುತ್ತಿತ್ತು. ದ್ರೋಹ ಮಾಡಿದ ಎಫಿಯಾಲ್ಟಿಸ್ ಗೂನು ಬೆನ್ನಿನ ಸ್ಪಾರ್ಟನ್ ಅಲ್ಲ, ಬಹುಮಾನದ ಆಸೆಗೆ ಪರ್ಷಿಯನ್ನರಿಗೆ ಬೆಟ್ಟದ ದಾರಿ ತೋರಿಸಿದ ಅಲ್ಲಿನ ಸ್ಥಳೀಯ. ರಾಕ್ಷಸರ ಥರ ಪ್ರಾಣಿಗಳು, ಮುಖವಾಡಗಳು ಸುಮ್ನೆ ಕಲ್ಪನೆ. ಅಂದಹಾಗೆ, ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್‌ನ ಸೇನೆಯಲ್ಲಿ ಹತ್ತಿ ಬಟ್ಟೆ ತೊಟ್ಟ ಭಾರತೀಯ ಬಿಲ್ಲುಗಾರರೂ ಇದ್ದರು ಅಂತ ಹೆರೊಡೋಟಸ್ ಬರೆದಿದ್ದಾನೆ.